ಕೇಣಿಯ ಲೈನು ಸರಿಮಾಡಿದವರು

ಲೈನ್‌ಮನ್ ಅಣ್ಣನ ಎಡಗಿವಿಯ ಮೇಲ್ತುದಿ ಇರಲಿಲ್ಲ. ಒಂದು ಮಳೆಗಾಲದಲ್ಲಿ ಟೆಲಿಫೋನ್ ಕಂಬಕ್ಕೆ ಬಿಗಿದಿದ್ದ ಉಕ್ಕಿನ ತಂತಿ ಗಾಳಿಗೆ ಹರಿದು, ಚಾಟಿಯಂತೆ ಬೀಸಿ, ಅಷ್ಟನ್ನು ಕೊಯ್ದುಕೊಂಡು ಹೋಗಿತ್ತಂತೆ. ಆ ಕಿವಿಯ ಉಳಿದ ಭಾಗಕ್ಕೇ ಪರೀಕ್ಷೆಯ ಫೋನನ್ನು ಒತ್ತಿ ಹಿಡಿದು ಅವರು ನಮ್ಮ ಲೈನಿನ ಸದ್ದು ಕೇಳಿದರು.

"ಮೀನು ಹುರದಾಂಗೆ ಕೇಳ್ತದೆ. ಇದ್ರಲ್ಲಿ ಇಂಟರ್‌ನೆಟ್ ಎಲ್ಲಿಂದ ಓಡೂದು ತಂಗಿ?" ಎಂದವರೇ ಕೈಯಲ್ಲಿದ್ದ ಇಕ್ಕಳದಿಂದ ಕಂಬಕ್ಕೊಂದು ಏಟು ಹಾಕಿದರು. ಲೈನ್‌ಮನ್ ಅಣ್ಣನ ಸಿಟ್ಟು ಮೊದಲು ಕೈಗೆ ಬರುತ್ತಿತ್ತು, ಆಮೇಲೆ ಬಾಯಿಗೆ.

2007ರ ಸುಮಾರು. ಅಂಕೋಲೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನನ್ನ ಗಂಡ ಬೋಟಿನಿಂದ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಪಕ್ಕದ ಊರು ಕೇಣಿಯಲ್ಲಿದ್ದ ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಗಂಡನ ಅಣ್ಣ, ಹಿಂದಿನ ಅರ್ಧದಲ್ಲಿ ನಾನು ಮತ್ತು ಮೂರು ವರ್ಷದ ಮಗಳು. ವೈದ್ಯರು ಮಾತಾಡಿ ಕಳಿಸಿದ ಧ್ವನಿಯನ್ನು ಕೇಳಿ, ಟೈಪ್ ಮಾಡಿ, ಹುಬ್ಬಳ್ಳಿಯ ಒಂದು ಕಂಪನಿಗೆ ಕಳಿಸುವ ಕೆಲಸ ಹಿಡಿದಿದ್ದೆ. ಆದರೆ ಒಂದು ಫೈಲು ಇಳಿಯಲು ಇಡೀ ಬೆಳಗು ಬೇಕಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಕೆಲಸ ಇಲ್ಲ ಎಂದು ಕಂಪನಿಯವರು ಎಚ್ಚರಿಸಿದ್ದರು. ಭಾವನಿಗೆ ಬೇಕಾದದ್ದೂ ಅದೇ. ಕೆಲಸ ಹೋದರೆ ನಾನು ತವರಿಗೆ ಹೋಗುತ್ತೇನೆ, ಇಡೀ ಮನೆ ತನಗೆ ಉಳಿಯುತ್ತದೆ ಎಂಬ ಲೆಕ್ಕ. ಅದಕ್ಕಾಗಿ ಆಗಾಗ ಕೈ ಮಾಡುತ್ತಿದ್ದ, ಒಮ್ಮೆ ಬಾಗಿಲ ಚೌಕಟ್ಟಿಗೆ ನನ್ನ ತಲೆಯನ್ನು ಬಡಿದೂ ಇದ್ದ.

ಲೈನ್‌ಮನ್ ಅಣ್ಣ ಏಣಿ ಹತ್ತಿ ನೋಡಿದರು. ಉಪ್ಪುಗಾಳಿಗೆ ಜೋಡಣೆಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಬೈಯುತ್ತಲೇ ಎಲ್ಲವನ್ನೂ ಕತ್ತರಿಸಿ ಎಸೆದರು. ಕಂಬದಿಂದ ನನ್ನ ಕೋಣೆಯ ತನಕ ನಡುವೆ ಗಂಟಿಲ್ಲದ ಹೊಸ ತಂತಿ ಎಳೆದರು. ಆದರೂ ನೆಟ್ ಆಗಾಗ ನಿಲ್ಲುತ್ತಿತ್ತು. ನನ್ನ ಕೋಣೆಯ ಫೋನ್ ಪೆಟ್ಟಿಗೆಯಿಂದ ಹೊರಟಿದ್ದ ಇನ್ನೊಂದು ಹಳೆಯ ತಂತಿ ಹಿಡಿದು ಗೋಡೆಗುಂಟ ಹೋದವರಿಗೆ ಭಾವನ ಕೋಣೆಯಲ್ಲಿ ಅದೇ ಲೈನಿಗೆ ಕಟ್ಟಿದ ಇನ್ನೊಂದು ಫೋನು ಸಿಕ್ಕಿತು. "ಇದು ನಿನ್ನ ಲೈನಿನ ರಕ್ತ ಕುಡಿತೇ ಇದೆ," ಎಂದು ಕಿತ್ತು ನನ್ನ ಕೈಯಲ್ಲಿಟ್ಟರು. ಅಂದು ಚಹಾ ಆರುವುದರೊಳಗೆ ಫೈಲು ಇಳಿಯಿತು. ನಾನು ಅತ್ತುಬಿಟ್ಟೆ.

ಸಂಜೆ ಭಾವ ಬಂದ. ಆ ಫೋನಿನ ರಿಸೀವರಿನಿಂದಲೇ ನನ್ನ ಮುಖಕ್ಕೆ ಹೊಡೆದ. ಮಗಳು ಮಂಚದ ಕೆಳಗೆ ಹೊಕ್ಕು ಕುಳಿತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದ ಬಳಿ ತಂತಿ ತುಂಡಾಗಿತ್ತು.

ಲೈನ್‌ಮನ್ ಅಣ್ಣ ಹೇಳಿಕಳಿಸಿದ ಕೂಡಲೇ ಬಂದು ತುದಿಯನ್ನು ಬೆರಳಿನಿಂದ ಸವರಿದರು.

"ಇದು ಇಲಿ ಕಡ್ದದ್ದಲ್ಲ. ಕತ್ತಿ ತಾಗಿದ್ದು." ಆಮೇಲೆ ನನ್ನ ಮುಖ ನೋಡಿದರು. "ಇದೆಂತದು?"

"ಜಾರಿ ಬಿದ್ದೆ, ಅಣ್ಣ."

"ಬಿದ್ದವರಿಗೆ ಹೀಂಗೆ ಪೆಟ್ಟಾಗುದಿಲ್ಲ."

ಭಾವ ಬಾವಿಕಟ್ಟೆಯ ಬಳಿ ಹಲ್ಲುಜ್ಜುತ್ತಿದ್ದ. ಅವರು ನೇರ ಹೋಗಿ ಅವನ ಕುತ್ತಿಗೆ ಹಿಡಿದು ಕಟ್ಟೆಗೆ ಬಾಗಿಸಿದರು. ಭಾವನ ಬಾಯಿಯ ನೊರೆ ಬಾವಿಗೆ ಬಿತ್ತು. "ತಂತಿ ಇನ್ನೊಂದ್ಸಲ ತುಂಡಾದ್ರೆ ಪೊಲೀಸ್ರನ್ನ ಕರೂದಿಲ್ಲ, ನಾನೇ ಬತ್ತೆ," ಎಂದರು. ಆಗ ನನಗೆ ಹೆದರಿಕೆಯಾಗಲಿಲ್ಲ. ಇನ್ನೂ ಬಾಗಿಸಲಿ ಎನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ನಾಲ್ಕು ದಿನದ ಮೇಲೆ ತಂತಿ ಮತ್ತೆ ತುಂಡಾಯಿತು, ಈ ಸಲ ಕಂಬದ ತುದಿಯಲ್ಲೇ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ಬಂದರು. ಚೀಲವನ್ನು ಕಂಬದ ಬುಡದಲ್ಲಿಟ್ಟು ಏಣಿ ಹತ್ತಿದರು. ನಾನು ಅಂಗಳದಲ್ಲಿದ್ದೆ. ಕತ್ತಿ ಹಿಡಿದು ಮನೆಯೊಳಗಿಂದ ಓಡಿಬಂದ ಭಾವ ಏಣಿಯನ್ನು ಒದ್ದ. ಅವರು ಅಂಗಳದ ಸುತ್ತಲಿನ ಕಲ್ಲಿನ ಪಾಗಾರದ ಮೇಲೆ ಬಿದ್ದರು. ಬಲಗಾಲಿನ ಎಲುಬು ಚರ್ಮ ಸೀಳಿ ಹೊರಗೆ ಬಂತು. ಭಾವ ಅವರ ಮೇಲೆ ಬಾಗಿ ಕತ್ತಿ ಎತ್ತಿದ.

ಚೀಲದಲ್ಲಿ ಸುತ್ತಿಗೆ ಇತ್ತು. ಅದು ನನ್ನ ಕೈಗೆ ಹೇಗೆ ಬಂತು, ನೆನಪಿಲ್ಲ. ಹಿಂದಿನಿಂದ ಹೊಡೆದೆ. ಸಿಪ್ಪೆ ಸುಲಿದ ತೆಂಗಿನಕಾಯಿಯನ್ನು ಕಲ್ಲಿಗೆ ಕುಕ್ಕಿದಂಥ ಸದ್ದಾಯಿತು. ಭಾವ ಮುಗ್ಗರಿಸಿ ಬಿದ್ದ. ನಾನು ಮತ್ತೆ ಸುತ್ತಿಗೆ ಎತ್ತಿದ್ದೆ. ಎರಡು ವರ್ಷದ ಏಟುಗಳೆಲ್ಲ ಆ ಕೈಯಲ್ಲಿ ಸೇರಿದ್ದವು. ನೆಲದ ಮೇಲೆ ಬಿದ್ದಿದ್ದ ಲೈನ್‌ಮನ್ ಅಣ್ಣ ನನ್ನ ಸೀರೆಯ ಅಂಚನ್ನು ಹಿಡಿದು ಜಗ್ಗಿದರು.

"ಸಾಕು ತಂಗಿ. ಒಂದೇ ಸಾಕು. ಇತ್ಲಾಗೆ ಕೊಡು."

ಸುತ್ತಿಗೆಯ ಹಿಡಿಯನ್ನು ತಮ್ಮ ಅಂಗಿಯಿಂದ ಒರೆಸಿ ಪಕ್ಕಕ್ಕೆ ಎಸೆದರು. ಅವರ ಮುಖ ಬೂದಿಯ ಹಾಗಾಗಿತ್ತು. "ಇದು ಮೇಲಿಂದ ನನ್ನ ಕೈ ಜಾರಿ ಬಿತ್ತು. ನೀನು ಒಳಗಿದ್ದೆ, ನೋಡ್ಲಿಲ್ಲ. ಗೊತ್ತಾಯ್ತಾ?"

"ಅಣ್ಣ, ನಾನು..."

"ನೀನು ಜೈಲಿಗೆ ಹೋದ್ರೆ ಆ ಕೂಸನ್ನ ಯಾರು ನೋಡೂದು? ಒಳಗೆ ನಡೆ!"

ಅಂಥ ನೋವಿನಲ್ಲೂ ಗದರಿದರು. ನಾನು ಒಳಗೆ ಹೋದೆ.

ಭಾವ ಸಾಯಲಿಲ್ಲ. ಹಿಂದಿನಿಂದ ಬಿದ್ದ ಏಟು ಯಾರದೆಂದು ಅವನು ಕಂಡಿರಲಿಲ್ಲ; ಬಿದ್ದವರ ಮೇಲೆ ಕತ್ತಿ ಎತ್ತಿದ್ದನ್ನು ಒಪ್ಪಿಕೊಳ್ಳಬೇಕಾದೀತೆಂದು ಬಾಯಿಯನ್ನೂ ಬಿಡಲಿಲ್ಲ. ಪೊಲೀಸರು ಲೈನ್‌ಮನ್ ಅಣ್ಣ ಹೇಳಿದ್ದನ್ನೇ, ಏಣಿ ಒದ್ದಾಗ ಸುತ್ತಿಗೆ ಕೈ ಜಾರಿ ಕೆಳಗಿದ್ದವನ ತಲೆಗೆ ಬಿತ್ತೆಂದು, ಬರೆದುಕೊಂಡರು. ಏಣಿ ಒದ್ದದ್ದಕ್ಕೆ ಭಾವನ ಮೇಲೆ ಕೇಸಾಯಿತು. ಜಾಮೀನು ಸಿಕ್ಕ ಮೇಲೆ ಗೋವೆಯ ಕಡೆ ಹೋದವನು ಮತ್ತೆ ಆ ಮನೆಗೆ ಬರಲಿಲ್ಲ.

ಮೂರನೆಯ ದಿನ ಕಾರವಾರದ ಆಸ್ಪತ್ರೆಗೆ ಹೋದೆ. ಕಾಲನ್ನು ಮೇಲಕ್ಕೆ ಕಟ್ಟಿ ಮಲಗಿಸಿದ್ದರು. ನನ್ನನ್ನು ನೋಡಿದ ಕೂಡಲೇ ಕೇಳಿದ್ದು, "ಲೈನು ಬಂತಾ?" ಇಲ್ಲವೆಂದೆ. ಬೇರೆಯವರು ಯಾವಾಗ ಬರುತ್ತಾರೋ ತಿಳಿಯದೆಂದೆ. ಅವರು ಸಲೈನಿನ ನಳಿಕೆಯನ್ನೇ ಎರಡು ಬೆರಳುಗಳಲ್ಲಿ ಹಿಡಿದು, ತಂತಿಯ ಸಿಪ್ಪೆ ಎಷ್ಟು ಬಿಡಿಸಬೇಕು, ಎಷ್ಟು ಸುತ್ತು ಹೊಸೆಯಬೇಕು, ಉಪ್ಪುಗಾಳಿ ಹೋಗದ ಹಾಗೆ ಗ್ರೀಸು ಹಚ್ಚಿ ಟೇಪು ಹೇಗೆ ಸುತ್ತಬೇಕು ಎಂದು ತೋರಿಸಿದರು. ನರ್ಸ್ ಬೈದರೆ ಅವಳಿಗೂ ಬೈದರು. ಮರುದಿನ ನಾನೇ ಏಣಿ ಹತ್ತಿದೆ. ಕೆಳಗೆ, ಪಾಗಾರದ ಕಲ್ಲುಗಳ ಮೇಲೆ, ಅವರ ರಕ್ತ ಇನ್ನೂ ಕಪ್ಪಗೆ ಅಂಟಿತ್ತು. ಅಂದು ಹೊಸೆದ ಆ ಜೋಡಣೆ ನಾನು ಮನೆ ಬದಲಿಸುವ ತನಕ ಒಮ್ಮೆಯೂ ಕೈಕೊಡಲಿಲ್ಲ. ಅದರ ಮೇಲೆಯೇ ಮಗಳನ್ನು ಓದಿಸಿದೆ.

ಕಾಲು ಕೂಡಿದ ಮೇಲೆ ಅವರನ್ನು ಕಾರವಾರದ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಒಂದು ಕಡೆ ಕೂರಲಾಗದ ಮನುಷ್ಯ ನಿವೃತ್ತಿಯ ತನಕ ಅಲ್ಲೇ ಕುಳಿತರು. ಮುರಿದ ಕಾಲಿನಿಂದಾಗಿ ಹೀಗಾಯಿತೆಂದೇ ನಾನು ತಿಳಿದಿದ್ದೆ. ಹಬ್ಬಕ್ಕೊಮ್ಮೆ ಹೋದಾಗ "ಸ್ಪೀಡು ಎಷ್ಟು ಬತ್ತದೆ?" ಎಂದು ಕೇಳುತ್ತಿದ್ದರು, ಅಷ್ಟೇ. ಆ ದಿನದ ಮಾತು ತೆಗೆದರೆ ಎದ್ದು ಹೋಗುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಅವರ ಮೂಲ ಊರು ಕಾರವಾರದ ಬಳಿಯ ಚೆಂಡಿಯಾ. ಜಮೀನು ನೌಕಾನೆಲೆಗೆ ಹೋದ ಮೇಲೆ ಕಟ್ಟಿಕೊಂಡಿದ್ದ ಪುನರ್ವಸತಿ ಕಾಲನಿಯ ಮನೆಯಲ್ಲಿ ಅವರ ಹೆಂಡತಿಯೆದುರು ಕುಳಿತು ನಾನು ನಿಜ ಹೇಳಿದೆ.

"ಅವ್ರು ಬರ್ದು ಕೊಟ್ಟದ್ದರ ಮೇಲೇ ಇಲಾಖೆಯವ್ರು ವಿಚಾರಣೆ ಮಾಡಿದ್ರು," ಎಂದರು ಅತ್ತಿಗೆ. "ಸುತ್ತಿಗೆ ಸೊಂಟಕ್ಕೆ ಕಟ್ಕೊಳ್ದೆ ಹತ್ತಿ, ಅಜಾಗರೂಕತೆಯಿಂದ ಮನುಷ್ಯನ ಮೇಲೆ ಸಾಮಾನು ಬೀಳಿಸ್ದ ಅಂತ ಆಯ್ತು. ಇನ್ನು ಕಂಬ ಹತ್ತುಕೆ ಬಿಡಬಾರದು ಅಂತ ಆರ್ಡರ್. ಕಾಲು ಸಮಾ ಆಗಿತ್ತು ತಂಗಿ. ಹತ್ತುಕೆ ಆಗ್ತಿತ್ತು ಅವ್ರಿಗೆ."

ಮೂವತ್ತು ವರ್ಷ ಕಂಬ ಹತ್ತಿದವರು ಕೈಯಿಂದ ಒಂದು ಸ್ಕ್ರೂ ಕೂಡ ಬೀಳಿಸಿದವರಲ್ಲ. ಅಂಥವರ ದಾಖಲೆಯಲ್ಲಿ ಕೊನೆಗೆ ಉಳಿದದ್ದು ಅಜಾಗರೂಕತೆ ಎಂಬ ಪದ. ಅದು ಸುಳ್ಳು. ಆ ಸುತ್ತಿಗೆ ಅವರ ಕೈಯಿಂದ ಜಾರಲಿಲ್ಲ. ಎತ್ತಿದ್ದು ನಾನು, ಹೊಡೆದದ್ದು ನಾನು.