ಅಕ್ಕಲಕೋಟೆಯ ಪಂಕ್ತಿಯಲ್ಲಿ ದೊರೆತ ಗಣಿತ

ಸೊಲ್ಲಾಪುರದ ಒಂದು ಕಾಲೇಜಿನ ಉಪಪ್ರಾಚಾರ್ಯರು ನನ್ನ ಮೊಮ್ಮಗಳು ಭಾಗ್ಯಶ್ರೀಗೆ ಹನ್ನೊಂದನೆಯ ತರಗತಿಯಲ್ಲಿ ಗಣಿತವನ್ನು ನಿರಾಕರಿಸಿ, ಅವಳು ಕೇಳದ ಜೀವಶಾಸ್ತ್ರವನ್ನು ಕೊಟ್ಟರು. ಗಣಿತವಿಲ್ಲದೆ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಬಾಗಿಲೇ ತೆರೆಯದು. ವಳಸಂಗದಿಂದ ಬಸ್ಸಿನಲ್ಲಿ ಹೋಗಿ ಕೇಳಿದಾಗ ಅವರು ಅಂದದ್ದನ್ನು ನಾನು ಮರೆತಿಲ್ಲ: "ಅಜ್ಜಿ, ಕನ್ನಡ ಸಾಲ್ಯಾಗ ಓದಿದ ಪೋರಿಗಿ ಗಣಿತ ನೀಗಂಗಿಲ್ಲ. ಕಪ್ಪಿ ಚಿತ್ರ ತಗೀಲಿ, ಛಲೋ ಇರ್ತದ." ನಾನು ಉತ್ತರಿಸುತ್ತಿರುವಾಗಲೇ ಎದ್ದು ಹೊರಟುಹೋದರು. ಎರಡನೆಯ ಸಲ ಹೋದಾಗಲೂ ಹಾಗೆಯೇ ಎದ್ದರು. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿಯೇ ನಿವೃತ್ತಳಾದವಳು ನಾನು.

ವಿಷಯ ಬದಲಿಸುವ ಅವಧಿ ಮುಂದಿನ ಸೋಮವಾರಕ್ಕೆ ಮುಗಿಯುವುದಿತ್ತು. ಗುರುವಾರ ಭಾಗ್ಯಶ್ರೀಯನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋದೆ. ಅಲ್ಲಿಯ ಸಮಾಧಿ ಮಂದಿರದಲ್ಲಿ ಸ್ವಾಮಿ ಮಹಾರಾಜರ ಪಾದಗಳ ಮುಂದೆ ಒಂದನ್ನೇ ಬೇಡಿದೆ: "ಆ ಮನುಷ್ಯ ನನ್ನ ಮಾತು ಮುಗಿಯುವ ತನಕ ಕುಳಿತು ಕೇಳಲಿ."

ಧರ್ಮಶಾಲೆಯಲ್ಲಿ ನಮ್ಮೂರವರ ಪ್ರಸಾದದ ಪಂಕ್ತಿ. ಭಾಗ್ಯಶ್ರೀ ಬಡಿಸಲು ನಿಂತಳು, ನಾನು ಊಟಕ್ಕೆ ಕುಳಿತೆ. ಎಲೆಯಿಂದ ತಲೆ ಎತ್ತಿ ನೋಡಿದರೆ, ಎದುರಿಗೆ ಪತ್ನಿಯೊಡನೆ ಅದೇ ಉಪಪ್ರಾಚಾರ್ಯರು! ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮುನ್ನ ಯಾರೂ ಏಳುವಂತಿಲ್ಲ. ಎದ್ದರೆ ಪ್ರಸಾದಕ್ಕೆ ಅವಮಾನ. ನಾನು ಸಾವಕಾಶವಾಗಿ ಊಟ ಮಾಡುತ್ತ, ನನ್ನ ಮಾತನ್ನು ಮೊದಲಿನಿಂದ ಹೇಳಿದೆ.

"ಅಜ್ಜಿ, ಲಗೂ ಉಣ್ರಿ. ನಮಗ ಹೊತ್ತಾಗ್ಯಾದ."

"ಹಲ್ಲಿಲ್ಲರಿ ಸಾಹೇಬ್ರ. ಗಣಿತ ಕೊಡ್ರಿ, ನುಂಗೇ ಬಿಡ್ತೀನಿ."

ಪಂಕ್ತಿಯೆಲ್ಲ ನಕ್ಕಿತು. ಕೊನೆಯಲ್ಲಿ ಕುಳಿತವರೊಬ್ಬರು ಕೂಗಿದರು: "ಕೊಟ್ಟಬಿಡ್ರಿ ಸಾಹೇಬ್ರ, ನಮ್ಮ ಕಾಲು ಜೋಮು ಹಿಡದಾವ!"

ಉಪಪ್ರಾಚಾರ್ಯರ ಪತ್ನಿ ಗಂಡನನ್ನು ಮೊಣಕೈಯಿಂದ ತಿವಿದರು: "ಅಹೋ, ಹೂಂ ಅನ್ರಿ! ಬಾಯಾಗ ಮಹಾರಾಜರ ಅನ್ನ ಅದ."

ಸಾಹೇಬರು ಭಾಗ್ಯಶ್ರೀಯ ಕಡೆ ತಿರುಗಿದರು. "ಸೋಮವಾರ ಗಣಿತದ ಪರೀಕ್ಷಾ ಕೊಡ್ತೀಯೇನು?"

"ಈಗೇ ಕೊಡ್ತೀನ್ರಿ. ಸಾರು ಹಾಕ್ಲ್ಯಾ?"

ಅವಳು ಸೋಮವಾರ ಪರೀಕ್ಷೆ ಬರೆದಳು. ಅಂದೇ ಗಣಿತ ದೊರೆಯಿತು. ಈ ವರ್ಷ ಸೊಲ್ಲಾಪುರದಲ್ಲಿಯೇ ಎಂಜಿನಿಯರಿಂಗ್ ಸೇರಿದ್ದಾಳೆ. ಅಷ್ಟು ಜನರ ನಡುವೆ ಆ ಮನುಷ್ಯನನ್ನು ತಂದು ನನ್ನೆದುರೇ ಕೂಡಿಸಿದವರು ಯಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಭಕ್ತಬಂಧುಗಳೇ, ನಾನು ಪ್ರತಿ ಗುರುವಾರ ಹೋಗಿ ಆ ಪಾದಗಳಿಗೆ ಸಂತೋಷದಿಂದ ಹಣೆ ಹಚ್ಚುತ್ತೇನೆ.

ಉಪಪ್ರಾಚಾರ್ಯರೇ, ತಮ್ಮನ್ನೂ ಅಲ್ಲಿ ಕಾಣುತ್ತೇನೆ. ಆದ್ದರಿಂದ ಕೇಳುತ್ತೇನೆ: ಈ ವರ್ಷ ಕನ್ನಡ ಶಾಲೆಯಿಂದ ಬಂದು ಗಣಿತ ಬೇಡಿದ ಹುಡುಗಿಯರಿಗೆ ಮೊದಲ ಮಾತಿಗೇ ಕೊಟ್ಟಿರಾ, ಇಲ್ಲವೇ ಅವರ ಅಜ್ಜಿಯರೂ ತಮ್ಮೆದುರು ಊಟಕ್ಕೆ ಕೂಡಬೇಕೆ?