ಡಿಸ್ಕೌಂಟ್ ಆಟೋದ ಗಿಟಾರು

ಜಾಹೀರಾತಿಗೆ ಮಾತು ಬರೆಯುವುದು ನನ್ನ ಕೆಲಸ. ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನನ್ನ ಮೇಜು, ಕಂಪ್ಯೂಟರು, ಒಂದು ಮೈಕು ಇವೆ. ಕೆಳಗೆ ಚೀಲ ಎಳೆದರೆ ಮೇಲೆ ನನಗೆ ಸೀನು ಬರುತ್ತದೆ. ಸೀರೆ ಅಂಗಡಿ, ಚಪ್ಪಲಿ ಅಂಗಡಿ, ಟ್ಯೂಷನ್ ಕ್ಲಾಸು, ಯಾವುದಕ್ಕೇ ಬರೆದರೂ ಅದನ್ನು ಓದುವವರು ಹರಿಹರದ ಒಬ್ಬ ಭಾಯಿ. ಅವರಿಗೆ ಸ್ವಂತ ಆಟೋ ಇದೆ, ಅದರ ನೆತ್ತಿಯ ಮೇಲೆ ಎರಡು ಹಾರ್ನ್ ಸ್ಪೀಕರು. ತಮ್ಮ ದನಿಯನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ನಮ್ಮೂರು, ಹರಿಹರ ಎರಡರ ಓಣಿ ಓಣಿ ಸುತ್ತುತ್ತಾರೆ.

ಈ ಕೆಲಸ ನನಗೆ ಕಲಿಸಿದ್ದು ಹಳೆಯ ಇಂಗ್ಲಿಷ್ ರಾಕ್ ಹಾಡುಗಳು ಎಂದರೆ ಭಾಯಿ ನಂಬುವುದಿಲ್ಲ. ಶಾಮನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಷ್ಟ್ರೊಬ್ಬರು ವರ್ಗವಾಗಿ ಹೋಗುವಾಗ ಒಂದು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ ಬಿಟ್ಟುಹೋದರು. ನಾನಾಗ ಒಂಬತ್ತನೇ ತರಗತಿ. ನಾನು ಹುಟ್ಟುವ ಮೊದಲಿನ ಹಾಡುಗಳು ಅವು. ಮಾತು ಒಂದೂ ತಿಳಿಯುತ್ತಿರಲಿಲ್ಲ, ಹಾಗಾಗಿ ಉಳಿದದ್ದನ್ನೆಲ್ಲ ಗಮನವಿಟ್ಟು ಕೇಳಿದೆ. ಗಿಟಾರು ಒಂದೇ ಸಾಲನ್ನು ನಾಲ್ಕು ಸಲ ನುಡಿಸುತ್ತದೆ. ಆಮೇಲೆ ಡ್ರಮ್ಮು ಸೇರುತ್ತದೆ. ಹಾಡುವವನು ಇನ್ನೂ ಬಾಯಿ ತೆರೆದಿರುವುದಿಲ್ಲ, ಅಷ್ಟರಲ್ಲಿ ನಾನು ಅವನ ಮಾತಿಗೆಲ್ಲ ಹೂಂ ಎನ್ನಲು ತಯಾರಾಗಿರುತ್ತಿದ್ದೆ. ಅವನು ಹೇಳಿದ್ದೇನು ಎಂಬುದು ಕೆಲವು ಹಾಡುಗಳಲ್ಲಿ ನನಗೆ ಇವತ್ತಿಗೂ ಗೊತ್ತಿಲ್ಲ.

ಅದನ್ನೇ ಜಾಹೀರಾತಿಗೆ ತಂದೆ. ಮದುವೆ ಆರ್ಕೆಸ್ಟ್ರಾದ ಗಿಟಾರಿಸ್ಟ್ ಒಬ್ಬರಿಂದ ಆ ಧಾಟಿಯಲ್ಲಿ ಎಂಟು ಸೆಕೆಂಡಿನ ತುಣುಕೊಂದನ್ನು ರೆಕಾರ್ಡ್ ಮಾಡಿಸಿಕೊಂಡು, ಭಾಯಿಯ ದನಿಗೆ ಮುಂಚೆ ಅಂಟಿಸಿದೆ.

"ಅಕ್ಕ, ಇದು ಹಾಡೋ, ಮಿಕ್ಸಿ ಕೆಟ್ಟೈತೋ?" ಎಂದರು ಭಾಯಿ.

"ಮಿಕ್ಸಿ ಅಂತ್ಲೇ ತಿಳ್ಕಳ್ರಿ. ಜನ ತಿರುಗಿ ನೋಡಿದ್ರೆ ಸಾಕು."

ಜನ ತಿರುಗಿ ನೋಡಿದರು. ಎಲ್ಲ ಜಾಹೀರಾತಿಗೂ ಅದೇ ತುಣುಕನ್ನು ಹಾಕುತ್ತ ಹೋದೆ. ನಾಲ್ಕೈದು ವರ್ಷದಲ್ಲಿ ಹರಿಹರದ ಓಣಿಗಳಲ್ಲಿ ಆ ಆಟೋಗೆ ಡಿಸ್ಕೌಂಟ್ ಆಟೋ ಎಂದೇ ಹೆಸರಾಯಿತು. ಗಿಟಾರು ಕೇಳಿದೊಡನೆ ಹೆಂಗಸರು "ಎಲ್ಲೋ ಸೀರೆ ಸೇಲ್ ಹಾಕ್ಯಾರೆ" ಎನ್ನುತ್ತಿದ್ದರಂತೆ. ನಾನು ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಭಾಯಿ ನನ್ನ ಕೋಣೆಯಲ್ಲಿದ್ದಾಗಲೇ ಅವರಿಗೆ ಹರಿಹರದ ನಗರಸಭೆಯಿಂದ ಫೋನ್ ಬಂತು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಿದ್ದಾರೆ, ಹೊಳೆದಂಡೆಯ ಓಣಿಯವರು ಸಂಜೆ ಐದು ಗಂಟೆಯೊಳಗೆ ಮನೆ ಬಿಟ್ಟು ಶಾಲೆಗೆ ಹೋಗಬೇಕು, ಅದನ್ನು ಸಾರಿಕೊಂಡು ಬನ್ನಿ ಎಂದು. ನಾನು ಮೂರು ಸಾಲು ಬರೆದೆ. ಭಾಯಿ ಓದಿದರು. ಕಂಪ್ಯೂಟರಿನಲ್ಲಿ ಜೋಡಿಸುವಾಗ ನನ್ನ ಕೈ ಒಂದು ಕ್ಷಣ ನಿಂತದ್ದು ನೆನಪಿದೆ. ಗಿಟಾರು ಬೇಕೇ, ಬೇಡವೇ? ಅದನ್ನು ಕೇಳಿದರೆ ತಾನೇ ಜನ ಹೊರಗೆ ಬರುವುದು ಎಂದುಕೊಂಡು ಹಾಕಿದೆ. ಭಾಯಿ ಪೆನ್‌ಡ್ರೈವ್ ಕಿಸೆಗಿಟ್ಟುಕೊಂಡರು. ಹಾಕಿದವಳು ನಾನು.

ಅದೇ ಆಟೋದಲ್ಲಿ ನಾನೂ ಹೋದೆ. ನಾವು ಆ ಓಣಿ ಮುಟ್ಟಿದಾಗ ಮೂರೂವರೆ. ಹರಿಹರದಲ್ಲಿ ಮಳೆ ಇರಲಿಲ್ಲ, ಬಿಸಿಲಿತ್ತು, ಒಣಹಾಕಿದ ಬಟ್ಟೆಗಳಿದ್ದವು. ಮನೆಗಳ ಹಿಂದೆ ಹೊಳೆ ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಗಿಟಾರು, ಭಾಯಿಯ ಮೂರು ಸಾಲು, ಮತ್ತೆ ಗಿಟಾರು. ಓಣಿಯ ಈ ತುದಿಯಿಂದ ಆ ತುದಿಗೆ ಏಳು ಸಲ ಓಡಾಡಿದೆವು. ಯಾರೂ ತಲೆ ಎತ್ತಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆ ಕೈ ಬೀಸಿ, "ಈಗ ಬ್ಯಾಡ ಹೋಗಪ್ಪೋ, ಹಬ್ಬಕ್ಕ ತಗಂತೀವಿ" ಎಂದು ಕೂಗಿದಳು. ಪಕ್ಕದ ಮನೆಯವಳು, "ಆಗ್ಲಾದ್ರೂ ಇವಳ ಗಂಡ ರೊಕ್ಕ ಬಿಚ್ಚಬೇಕಲ್ಲ!" ಎಂದಳು. ಇಬ್ಬರೂ ನಕ್ಕರು. ಹಾರ್ನಿನ ಸದ್ದಿನಲ್ಲಿ ಭಾಯಿಗೆ ಇದು ಕೇಳಿಸಲಿಲ್ಲ. ಹಿಂದೆ ಕೂತಿದ್ದ ನನಗೆ ಕೇಳಿಸಿತು. ನಾನೂ ನಕ್ಕೆ. ಅವರು ಹೇಳಿದ್ದರ ಅರ್ಥ ನನಗೆ ಹೊಳೆದದ್ದು ಇನ್ನೊಂದು ಸುತ್ತು ಮುಗಿದ ಮೇಲೆ, ಚರಂಡಿಯ ನೀರು ಹೊಳೆಯ ಕಡೆಗೆ ಹೋಗುವುದರ ಬದಲು ಓಣಿಯ ಕಡೆಗೆ ಬರುತ್ತಿರುವುದನ್ನು ನೋಡಿದಾಗ.

"ಭಾಯಿ, ಬಂದ್ ಮಾಡ್ರಿ. ಅವರು ನಮ್ಮ ಮಾತೇ ಕೇಳ್ತಿಲ್ಲ."

ಅವರು ಹಾಡು ನಿಲ್ಲಿಸಿದರು, ಎಂಜಿನ್ನೂ ಆರಿಸಿದರು. ಅಷ್ಟು ಹೊತ್ತಿನ ಗದ್ದಲ ನಿಂತದ್ದೇ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಪಾತ್ರೆ ತೊಳೆಯುತ್ತಿದ್ದಾಕೆ ಎದ್ದು ಬಂದಳು.

"ಯಾಕ ಭಾಯಿ, ಕೆಟ್ಟೋತಾ?"

"ಆಟೋ ಕೆಟ್ಟಿಲ್ಲವ್ವ. ಹೊಳಿ ಬರ್ತೈತೆ. ಚರಂಡಿ ನೋಡ್ರಿ ಅಲ್ಲಿ. ಮುದುಕರು, ಮಕ್ಳು ಮೊದ್ಲು ಹೊಂಡ್ರಿ."

ಮೈಕಿಲ್ಲದೆ, ಮಾಮೂಲು ದನಿಯಲ್ಲಿ ಹೇಳಿದರು. ಆಮೇಲೆ ಓಣಿ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೊನೆಯ ಮನೆಯದು ಮಾತ್ರ ಬೇರೆ ಸ್ಥಿತಿ. ಅಲ್ಲಿ ಸೊಂಟ ಮುರಿದು ಮಲಗಿದ್ದ ಅಜ್ಜಿಯೊಬ್ಬರಿದ್ದರು. ಮನೆಯಲ್ಲಿ ಸೊಸೆ ಒಬ್ಬಳೇ. ನಾವು ಹೋಗುವಷ್ಟರಲ್ಲಿ ಒಳಗೆ ಮೊಣಕಾಲುದ್ದ ನೀರು. ಭಾಯಿ, ಸೊಸೆ, ನಾನು, ಇನ್ನಿಬ್ಬರು ಗಂಡಸರು ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದೆವು. ಹೊಸಿಲ ಹತ್ತಿರ ನನ್ನ ಕಾಲು ಜಾರಿತು. ಕುರ್ಚಿ ವಾಲಿ ಅಜ್ಜಿ ಎದೆಯವರೆಗೆ ನೀರಿಗಿಳಿದರು. ನನ್ನ ಮೊಣಕೈ ಹಿಡಿದುಕೊಂಡರು. ಆ ಹಿಡಿತದ ನೋವು ಎರಡು ದಿನ ಇತ್ತು.

ಆಟೋದಲ್ಲಿ ಅಜ್ಜಿಯ ತಲೆ ಒರೆಸುತ್ತ ಸೊಸೆ ನನ್ನನ್ನು ಕೇಳಿದಳು: "ಇನ್ನೊಂದು ತಾಸು ಮೊದ್ಲು ಬಂದು ಹೇಳಬೌದಿತ್ತಲ್ಲಕ್ಕ?"

ನಾವು ಅಲ್ಲಿಗೆ ಬಂದು ಒಂದು ತಾಸಿನ ಮೇಲಾಗಿತ್ತು. ನಾನು ಅಜ್ಜಿಯ ಒದ್ದೆ ಸೆರಗು ಹಿಂಡಿದೆ.

ಅಜ್ಜಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಆ ವಾರವೆಲ್ಲ ನಾನು ಮಂಡಿಪೇಟೆಯಲ್ಲಿ ಕೂತು ಏನೂ ಬರೆಯಲಿಲ್ಲ. ಗಿಟಾರು ಸೋತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅದು ಸೋಲಲಿಲ್ಲ. ನಾನು ವರ್ಷಗಟ್ಟಲೆ ಕಲಿಸಿದ್ದನ್ನೇ ಓಣಿಯವರು ಕಲಿತಿದ್ದರು: ಈ ಸದ್ದು ಬಂದರೆ ಮುಂದಿನ ಮಾತು ಕೇಳಬೇಕಾಗಿಲ್ಲ. ಮಾತು ತಿಳಿಯದೆ ಹಾಡು ಕೇಳುವುದು ನನಗೆ ಸುಖವಾಗಿತ್ತು. ಅದೇ ಅಭ್ಯಾಸವನ್ನು ಹೊಳೆದಂಡೆಯ ಓಣಿಗೆ ಹಿಡಿಸಿದ್ದೆ.

ಹತ್ತನೇ ದಿನ ಅಜ್ಜಿ ಮನೆಗೆ ಬಂದರು ಎಂದು ಭಾಯಿ ಫೋನ್ ಮಾಡಿದರು. ಹರಿಹರಕ್ಕೆ ಹೋದೆ. ಗೋಡೆಯ ಮೇಲೆ ನನ್ನ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ಅಜ್ಜಿ ನೆರೆಮನೆಯವರು ತಂದುಕೊಟ್ಟ ಮಂಚದ ಮೇಲೆ ಮಲಗಿದ್ದರು, ತೆಳ್ಳಗಾಗಿದ್ದರು, ನನ್ನ ಗುರುತು ಹಿಡಿದರು. ಸೊಸೆ ನೆಲದ ಕೆಸರು ಕೆರೆಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ: ನಾವು ಒಂದು ತಾಸು ಮೊದಲೇ ಬಂದಿದ್ದೆವು, ಏಳೆಂಟು ಸಲ ಸಾರಿದ್ದೆವು, ಅದಕ್ಕೆ ಸೀರೆಯ ಗಿಟಾರು ಹಾಕಿದವಳು ನಾನೇ ಎಂದು.

ಆಕೆ ಕೆರೆಯುವುದನ್ನು ನಿಲ್ಲಿಸಿದಳು. "ನಂಗೂ ಕೇಳಿಸಿತ್ತು," ಎಂದಳು. "ಎದ್ದು ಬರಲಿಲ್ಲ." ಆಮೇಲೆ ಮೂಲೆಯಲ್ಲಿ ಇನ್ನೂ ಒದ್ದೆಯಾಗಿದ್ದ ಹತ್ತಿಯ ಹಾಸಿಗೆಯನ್ನು ತೋರಿಸಿದಳು. "ಬಂದೀರಲ್ಲ, ಆ ಕಡೆ ಹಿಡೀರಿ, ಹೊರಗ ಬಿಸಿಲಿಗೆ ಹಾಕಾಣ. ನನ್ನ ಒಬ್ಬಳ ಕೈಲಿ ಏಳ್ತಿಲ್ಲ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಾಸಿಗೆ ನಾನೆಣಿಸಿದ್ದಕ್ಕಿಂತ ಭಾರವಿತ್ತು. ಅಜ್ಜಿ ಮಂಚದಿಂದ, "ಹೊಸಿಲು ನೋಡ್ಕೊಂಡು ಕಾಲಿಡವ್ವ" ಎಂದರು. ನೋಡಿಕೊಂಡು ಇಟ್ಟೆ.