ಹುರುಳಿಯ ಮೇಲೆ ಓಡಿಸಿದ ಕಾರು

ನನ್ನ ಕಾರು ಆಕಸ್ಮಿಕವಾಗಿ ಸುಟ್ಟುಹೋಯಿತು ಎಂದು ವಿಮೆಯವರಿಗೆ ಹೇಳಿದ್ದೆ. ಅಷ್ಟರಮಟ್ಟಿಗೆ ಅದು ನಿಜ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಹೊಲ ಹೊರ್ತಿಯಿಂದ ಇಂಡಿಗೆ ಹೋಗುವ ದಾರಿಯ ಮಗ್ಗುಲಿಗಿದೆ. ಹುರುಳಿ ಕಿತ್ತ ಮೇಲೆ ನಾವು ಕಣ ಮಾಡುತ್ತಿರಲಿಲ್ಲ. ಬಳ್ಳಿಯನ್ನು ಡಾಂಬರಿನ ಮೇಲೆ ಹಾಸುತ್ತಿದ್ದೆವು. ಬಸ್ಸು, ಲಾರಿ ಹಾದು ಹೋದಂತೆ ಕಾಯಿ ಒಡೆದು ಕಾಳು ಬೀಳುತ್ತಿತ್ತು. ಸಂಜೆ ಹೊಟ್ಟು ತೂರಿ ಚೀಲ ತುಂಬುವುದಷ್ಟೇ ನಮ್ಮ ಕೆಲಸ. ಹೀಗೆ ಹಾಸಬಾರದು ಎಂಬ ಬೋರ್ಡೂ ಅಲ್ಲಿತ್ತು. ಅದರ ಕಂಬಕ್ಕೆ ನಾನು ಬುತ್ತಿ ತೂಗುಹಾಕುತ್ತಿದ್ದೆ.

ಅವತ್ತು ಅಮಾವಾಸ್ಯೆ. ಲಾರಿಯವರು ಗಾಡಿ ತೊಳೆದು, ಪೂಜೆಗೆ ತೆಂಗಿನಕಾಯಿ ಒಡೆದು, ಮನೆ ಮುಂದೆಯೇ ನಿಲ್ಲಿಸಿದ್ದರು. ಮಧ್ಯಾಹ್ನವಾದರೂ ನನ್ನ ಹುರುಳಿ ಹಾಸಿದಂತೆಯೇ ಇತ್ತು. ಬಂದ ಒಂದೇ ಬಸ್ಸೂ ಹುರುಳಿ ತಪ್ಪಿಸಿ ಅಂಚಿನಲ್ಲಿ ಹೋಯಿತು. ಆಗ ನಾನು ನನ್ನ ಬಿಳಿ ಕಾರು ಹತ್ತಿದೆ.

ಹಳೆಯ ಕಾರು ಅದು. ಮಗಳನ್ನು ಹೆರಿಗೆಗೆ ಸಿಂದಗಿಗೆ ಒಯ್ದದ್ದು, ಮೊಮ್ಮಗನನ್ನು ಮನೆಗೆ ತಂದದ್ದು ಅದರಲ್ಲೇ. ಹೆಂಡತಿಯ ಮೇಲೆ ರೇಗಿದ್ದೇನೆ, ಎತ್ತುಗಳ ಮೇಲೆ ರೇಗಿದ್ದೇನೆ, ಆ ಕಾರಿನ ಮೇಲೆ ಎಂದೂ ರೇಗಿದವನಲ್ಲ. ಅಂದು ಬೆಳಿಗ್ಗೆ ಅದಕ್ಕೂ ಪೂಜೆ ಮಾಡಿ ಗಾಲಿಗೆ ನಿಂಬೆಹಣ್ಣು ಇಟ್ಟಿದ್ದೆ.

ಹುರುಳಿಯ ಮೇಲೆ ಮುಂದೆ ಹೋದೆ, ಹಿಂದೆ ಬಂದೆ, ಮತ್ತೆ ಮುಂದೆ ಹೋದೆ. ಕಾಯಿ ಚಟಪಟ ಒಡೆಯುವುದನ್ನು ಕೇಳಿ ಸಂತೋಷವಾಯಿತು. ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದ್ದು ಗೊತ್ತಾಗಲಿಲ್ಲ. ಹೊಗೆ ಕಂಡಾಗ ಯಾರೋ ಬದು ಸುಡುತ್ತಿದ್ದಾರೆ ಅಂದುಕೊಂಡೆ.

ಪಕ್ಕದ ಹೊಲದವನು ಓಡಿ ಬಂದ. ಕುರಿ ಸಾಕಿದವನು, ನನ್ನನ್ನು ಕಾಕಾ ಎನ್ನುವವನು.

"ಇಳೀರಿ ಕಾಕಾ! ಬುಡಕ ಬೆಂಕಿ ಹತ್ತೈತಿ!"

ತೋಳು ಹಿಡಿದು ನನ್ನನ್ನು ಹೊರಗೆಳೆದ. ಹೆಗಲ ಮೇಲಿನ ಕಂಬಳಿಯಿಂದ ಬೆಂಕಿ ಬಡಿದ. ಕಂಬಳಿಗೂ ಹತ್ತಿಕೊಂಡಿತು. ಕಾರು ಉಳಿಯಲಿಲ್ಲ. ಹುರುಳಿಯೂ ಉಳಿಯಲಿಲ್ಲ.

ಹುರುಳಿ ರಾಶಿ ನಾನೇ ಹಾಸಿದ್ದೆಂದರೆ ವಿಮೆ ಸಿಗುವುದಿಲ್ಲ ಎಂದು ಚಹಾದಂಗಡಿಯಲ್ಲಿ ಯಾರೋ ಹೇಳಿದರು. ಮರುದಿನ ವಿಮೆಯ ಸರ್ವೇಯರ್ ಬಂದು ಕರಿ ತಗಡಿನ ಸುತ್ತ ತಿರುಗಿದ.

"ಟೋಟಲ್ ಲಾಸ್ ರೀ ಯಜಮಾನ್ರ."

"ಅದು ನನಗೂ ಕಾಣಾಕತ್ತೈತ್ರಿ."

"ರಸ್ತಾದಾಗ ರಾಶಿ ಯಾರು ಹಾಕಿದ್ರು?"

"ಯಾರೋ ಹಾಕಿದ್ರು ನೋಡ್ರಿ," ಎಂದು ಕೈ ಎತ್ತಿದೆ. ಕೈ ಪಕ್ಕದವನ ಹೊಲದ ಕಡೆ ಹೋಯಿತು. ಸರ್ವೇಯರ್ ಅತ್ತ ನೋಡಿ ಬರೆದುಕೊಂಡ. ನಾನು ಕೈ ಇಳಿಸಿದೆ. ಬರೆದದ್ದನ್ನು ಅಳಿಸು ಎನ್ನಲಿಲ್ಲ.

ಕೆಲವು ದಿನ ಕಳೆದ ಮೇಲೆ ಪಕ್ಕದವನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಹೆಂಡತಿ ಚಹಾ ಕೊಟ್ಟಳು.

"ಕಾಕಾ, ಠಾಣೆಕ ಬಾ ಅಂತ ಫೋನ್ ಬಂದೈತಿ. ನಾ ಹುರುಳಿ ಹಾಸಿ ನಿಮ್ಮ ಕಾರು ಸುಟ್ಟೇನಂತ ವಿಮೆಯವರು ಬರದುಕೊಟ್ಟಾರಂತ. ನನ್ನ ಹೊಲದಾಗ ಹುರುಳಿ ಎಲ್ಲಿ ಐತ್ರಿ? ಈ ವರ್ಷ ಸೂರ್ಯಕಾಂತಿ ಹಾಕೇನಿ."

ನಾನು ಬಸಿಯೊಳಗಿನ ಚಹಾ ನೋಡುತ್ತಿದ್ದೆ.

"ನಾಡದು ಮಗಳನ್ನ ನೋಡಾಕ ಮುದ್ದೇಬಿಹಾಳದಿಂದ ಬರೋರು ಅದಾರ. ಅವತ್ತೇ ಠಾಣೆಕ ಕರದಾರ. ಬಂದ ಬೀಗರಿಗೆ ಅಪ್ಪ ಎಲ್ಲಿ ಅಂತ ಹೇಳೂದ್ರಿ?"

ಅವನು ಹೋದ ಮೇಲೆ ಹೆಂಡತಿ ಕಪ್ಪು-ಬಸಿ ಎತ್ತಿಕೊಂಡು ನಿಂತಳು.

"ನೀವು ಅವನ ಹೆಸರು ಹೇಳಿದ್ರಿ?"

"ಹೆಸರು ಹೇಳಿಲ್ಲ. ಕೈ ಅಷ್ಟ ಮಾಡೇನಿ."

"ಹಂಗಾರ ಆ ಕೈಲೆ ಇವತ್ತ ಊಟ ಮಾಡಬ್ಯಾಡ್ರಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ತಾಟು ಬರಲಿಲ್ಲ.

ಮರುದಿನ ಬಸ್ಸಿನಲ್ಲಿ ಇಂಡಿಯ ವಿಮೆ ಆಫೀಸಿಗೆ ಹೋದೆ. ಸರ್ವೇಯರ್ ನನ್ನ ಮಾತು ಕೇಳಿ ಪೆನ್ನು ಕೆಳಗಿಟ್ಟ.

"ನೀವ ಹಾಸಿ, ಅದರ ಮ್ಯಾಲ ನೀವ ಓಡ್ಸಿದ್ರಿ?"

"ಹೌದ್ರಿ. ಅಮಾಸಿ ಇತ್ತು. ಬ್ಯಾರೆ ಗಾಡಿ ಬರಲಿಲ್ಲ."

"ಮೊದಲ ಯಾಕ ಹೇಳಲಿಲ್ರಿ?"

"ಕಾರು ಬೇಕಾಗಿತ್ರಿ."

ಅವನು ಅದನ್ನೂ ಬರೆದುಕೊಂಡ. ಅಲ್ಲಿಂದ ಠಾಣೆಗೆ ಹೋಗಿ ಅದನ್ನೇ ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು. ಕೇಳಿಸಲಿಲ್ಲವೆಂದಲ್ಲ, ಒಳಗಿದ್ದ ಸಾಹೇಬರೂ ಕೇಳಲಿ ಎಂದು. ಪಕ್ಕದವನು ಬರುವುದು ಬೇಡವೆಂದು ನನ್ನೆದುರಿಗೇ ಫೋನು ಮಾಡಿದರು.

ವಿಮೆ ಬರಲಿಲ್ಲ. ಮುದ್ದೇಬಿಹಾಳದವರು ಬಂದರು, ಹುಡುಗಿಯನ್ನು ಒಪ್ಪಿದರು. ಅವತ್ತು ನನಗೂ ಕರೆ ಇತ್ತು. ಹೊಸ ಕಂಬಳಿ ಒಯ್ದು ಪಕ್ಕದವನ ಕೈಗೆ ಕೊಟ್ಟೆ. ಅವನು ಅದನ್ನು ಬಿಡಿಸಿ, ಎಳೆದು, ಮೂಸಿ ನೋಡಿದ.

"ಇದು ಮಳಿ ತಡಿಯೂದಿಲ್ಲ ಕಾಕಾ. ಇರ್ಲಿ ಬಿಡ್ರಿ, ಬೀಗರಿಗೆ ಹಾಸ್ತೇನಿ," ಎಂದ. ಹಾಸಿದ. ನಾನೂ ಅದರ ಮೇಲೆಯೇ ಕೂರಬೇಕಾಯಿತು.

ಅವಲಕ್ಕಿ ತಿನ್ನುವಾಗ ಹುಡುಗನ ತಂದೆ ಕೇಳಿದರು: "ದಾರ್ಯಾಗ ಒಂದು ಕಾರು ಸುಟ್ಟು ನಿಂತೈತಲ್ರಿ, ಹೆಂಗಾತು ಅದು?"

ನಾನು ತಿನ್ನುವುದನ್ನು ನಿಲ್ಲಿಸಿದೆ. ಪಕ್ಕದವನು ನನ್ನ ಮುಖ ನೋಡಲಿಲ್ಲ.

"ಯಾರೋ ಹುರುಳಿ ಹಾಕಿದ್ರು ನೋಡ್ರಿ," ಎಂದು ಕೈ ಎತ್ತಿದ. ಆ ಕೈ ನಾನು ಕೂತ ಕಡೆ ಬಂದು, ಎಲ್ಲರೂ ನನ್ನನ್ನು ನೋಡುವ ತನಕ ಅಲ್ಲೇ ನಿಂತಿತು.

"ನಾನ ರೀ," ಎಂದೆ.